ಟ್ರಿಗರ್ ಹಗುರ ಮಾಡೋಕಿಂತ ಮುಂಚೆ: ಗುಂಜಿಯ ಮನೆಯ ಚೌಕಟ್ಟಿನಲ್ಲೊಂದು ತೂತು

ಇಲ್ಲಿ ನಾವು ಸಾಮಾನ್ಯವಾಗಿ ದುಡ್ಡಿನ ಮಾತು ಆಡ್ತೀವಿ. ಎಸ್‌ಐಪಿ, ಸಾಲ, ಜಿಎಸ್‌ಟಿ. ಇವತ್ತು ಮಾತ್ರ ಬಂದೂಕಿನ ಮಾತು. ಇನ್ನೂ ಸರಿಯಾಗಿ ಹೇಳಬೇಕಂದ್ರೆ ಬಂದೂಕಿನಲ್ಲಿ ಬೆರಳು ತಾಗೋ ಆ ಸಣ್ಣ ಕೊಕ್ಕೆಯ ಮಾತು, ಟ್ರಿಗರ್.

ನಾನು ಬಿ.ಕಾಂ ಓದಿದವನು, ಬಂದೂಕಿನ ತಜ್ಞ ಅಲ್ಲ. ಆದರೆ ಹೋದ ನವೆಂಬರ್‌ನಿಂದ ಈ ವಿಷಯ ನಮ್ಮ ಮನೆಯಲ್ಲಿ ಜಗಳ ಆಗಿ, ಆಮೇಲೆ ಪಾಠ ಆಗಿ, ಕೊನೆಗೆ ಒಂದು ತೀರ್ಮಾನಕ್ಕೆ ಬಂತು. ಆ ಕಥೆ ಹೇಳ್ತೀನಿ. ಕೇಳೋರಲ್ಲಿ ಮೂರು ನಾಲ್ಕು ಜನ ಇದೇ ಪ್ರಶ್ನೆ ಮೆಸೇಜ್ ಮಾಡಿದ್ದೀರಿ, ನಿಮಗೂ ಉತ್ತರ ಸಿಗತ್ತೆ.

ನಮ್ಮ ಮೂಲ ಮನೆ ಇರೋದು ಗುಂಜಿಯಲ್ಲಿ. ಬೆಳಗಾವಿಯಿಂದ ಲೋಂಡಾ ಕಡೆ ರೈಲಿನಲ್ಲಿ ಹೋದವರಿಗೆ ಗೊತ್ತಿರತ್ತೆ, ಖಾನಾಪುರ ದಾಟಿದ ಮೇಲೆ ಬರೋ ಸಣ್ಣ ಸ್ಟೇಷನ್. ಮಾವುಲಿ ದೇವಿಯ ಊರು. ಮನೆಯ ಹಿಂದೆ ಭತ್ತದ ಗದ್ದೆ, ಗದ್ದೆಯ ಹಿಂದೆ ಕಾಡು. ಭತ್ತ ತೆನೆ ಬಿಟ್ಟಿತು ಅಂದ್ರೆ ಹಂದಿಗಳಿಗೆ ಹಬ್ಬ. ಒಂದು ರಾತ್ರಿ ಒಂದು ಹಿಂಡು ಇಳಿದರೆ ಅರ್ಧ ಗದ್ದೆ ಹೊರಳಾಡಿ ಚಾಪೆ ಹಾಸಿದ ಹಾಗೆ ಆಗತ್ತೆ. ತಿನ್ನೋದು ಕಮ್ಮಿ, ಹಾಳು ಮಾಡೋದೇ ಜಾಸ್ತಿ.

ನಮ್ಮ ಕಾಕಾನ ಹತ್ತಿರ ಒಂದು ರೈಫಲ್ ಇದೆ, ಲೈಸೆನ್ಸ್ ಇರೋದು. ಅಜ್ಜ ತಗೊಂಡಿದ್ದು, ಅಜ್ಜ ಹೋದ ಮೇಲೆ ಕಾಕಾನ ಹೆಸರಿಗೆ ಬಂತು. ಪಾಯಿಂಟ್ ತ್ರೀ ಒನ್ ಫೈವ್ ಬೋರ್, ಸರ್ಕಾರಿ ಆರ್ಡ್ನನ್ಸ್ ಫ್ಯಾಕ್ಟರಿಯದ್ದು, ಬೋಲ್ಟ್ ಆ್ಯಕ್ಷನ್. ಬೋಲ್ಟ್ ಆ್ಯಕ್ಷನ್ ಅಂದ್ರೆ ಬಾಗಿಲಿನ ಅಗಳಿ ಇದ್ದ ಹಾಗೆ. ಹಿಡಿ ಎತ್ತಿ ಹಿಂದೆ ಎಳೀಬೇಕು, ಮುಂದೆ ತಳ್ಳಬೇಕು, ಕೆಳಗೆ ತಿರುವಬೇಕು. ಒಂದು ಸಲಕ್ಕೆ ಒಂದೇ ಗುಂಡು. ಬ್ರಿಟಿಷರ ಕಾಲದ ಲೀ-ಎನ್‌ಫೀಲ್ಡ್ ಮನೆತನದ ಬಂದೂಕು ಇದು.

ಕಾಕಾನಿಗೆ ಈಗ ಅರವತ್ತೊಂಬತ್ತು. 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಲೈಸೆನ್ಸ್‌ದಾರನಿಗೆ ಎಪ್ಪತ್ತು ವರ್ಷ ಆದಾಗ, ಇಲ್ಲವೇ ಬಂದೂಕು ಇಟ್ಟುಕೊಂಡು ಇಪ್ಪತ್ತೈದು ವರ್ಷ ಆದಾಗ, ವಾರಸುದಾರರ ಹೆಸರಿಗೆ ಕೊಡಲಿಕ್ಕೆ ಅರ್ಜಿ ಹಾಕಬಹುದು. ಹಾಗಾಗಿ ಬಂದೂಕು ನನ್ನ ತಮ್ಮನಿಗೆ, ಅಂದ್ರೆ ಕಾಕಾನ ಮಗನಿಗೆ ಬರೋ ಸಮಯ ಹತ್ತಿರ ಬಂದಿದೆ. ಅವನಿಗೆ ಇಪ್ಪತ್ನಾಲ್ಕು. ಯೂಟ್ಯೂಬ್ ಅವನ ವಿಶ್ವವಿದ್ಯಾಲಯ.

ಒಂದು ರಾತ್ರಿ ಹನ್ನೊಂದು ಗಂಟೆಗೆ ಅವನಿಂದ ಒಂದು ಲಿಂಕ್ ಬಂತು. ಅಮೆರಿಕದವನೊಬ್ಬ ರೈಫಲ್‌ನ ಹಳೇ ಟ್ರಿಗರ್ ತೆಗೆದು ಹೊಸದು ಹಾಕ್ತಾನೆ, ಹತ್ತು ನಿಮಿಷದ ಕೆಲಸ. ಕೆಳಗೆ ತಮ್ಮ ಬರೆದಿದ್ದ: "ಅಣ್ಣಾ, ನಮ್ಮ ಬಂದೂಕಿನ ಟ್ರಿಗರ್ ಭಾಳ ಬಿರಸು ಐತಿ. ಖಾಲಿ ಬಂದೂಕು ಹಿಡದು ಎಳದ್ರ ಸೈತ ನಳಿಗಿ ಅಲುಗತೈತಿ. ಇಂಥಾದ್ದೊಂದು ತರಸೂಣ. ರೇಟ್ ನೋಡು."

ರೇಟ್ ನೋಡೋದು ನನ್ನ ಕೆಲಸ ಅಲ್ಲವಾ. ನೋಡಿದೆ. ಟಿಮ್ನಿ, ಟ್ರಿಗರ್‌ಟೆಕ್, ಜ್ಯುವೆಲ್, ಇವು ಆ ಮಾರುಕಟ್ಟೆಯ ದೊಡ್ಡ ಹೆಸರುಗಳು. ನಾನು ನೋಡಿದ ಟ್ರಿಗರ್‌ಗಳು ನೂರೈವತ್ತು ಡಾಲರ್ ಆಸುಪಾಸಿನಿಂದ ಶುರು. ಆದರೆ ಓದ್ತಾ ಓದ್ತಾ ನನಗೆ ಗೊತ್ತಾಗಿದ್ದು ಏನಂದ್ರೆ, ಬೆಲೆ ಇಲ್ಲಿ ಕೊನೆಯ ಪ್ರಶ್ನೆ. ಅದಕ್ಕಿಂತ ಮುಂಚೆ ಮೂರು ಪ್ರಶ್ನೆ ಇವೆ. ಒಳ್ಳೇ ಟ್ರಿಗರ್ ಅಂದ್ರೆ ಏನು? ಅದನ್ನ ನಾವು ಹಾಕಿಸಬಹುದಾ? ಮತ್ತೆ, ನಮ್ಮ ತೊಂದರೆ ನಿಜವಾಗಿಯೂ ಟ್ರಿಗರ್‌ದ್ದೇನಾ?

ಮೊದಲನೇ ಪ್ರಶ್ನೆ. ಟ್ರಿಗರ್ ಏನು ಮಾಡತ್ತೆ ಅಂತ ಒಂದು ಚಿತ್ರ ಕಲ್ಪಿಸಿಕೊಳ್ಳಿ. ಬಂದೂಕಿನ ಒಳಗೆ ಒಂದು ಗಟ್ಟಿ ಸ್ಪ್ರಿಂಗ್ ಇದೆ, ಅದರ ತುದಿಗೆ ಮೊಳೆ ಥರದ್ದು, ಅದಕ್ಕೆ ಫೈರಿಂಗ್ ಪಿನ್ ಅಂತಾರೆ. ಆ ಸ್ಪ್ರಿಂಗ್ ಒತ್ತಿ ಹಿಡಿದಿರೋದು ಒಂದು ಸಣ್ಣ ಉಕ್ಕಿನ ಅಂಚು, ಹೆಸರು ಸಿಯರ್. ಎರಡು ಉಕ್ಕಿನ ಅಂಚು ಒಂದರ ಮೇಲೊಂದು ಕೂದಲೆಳೆಯಷ್ಟು ಹತ್ತಿ ಕೂತಿರ್ತವೆ. ನೀವು ಟ್ರಿಗರ್ ಎಳೆದಾಗ ಆ ಅಂಚು ಜಾರತ್ತೆ, ಪಿನ್ ಮುಂದೆ ಹಾರತ್ತೆ, ಗುಂಡು ಹೊಡೆಯತ್ತೆ. ಅಷ್ಟೇ. ಇಡೀ ಬಂದೂಕಿನ ಭದ್ರತೆ ಆ ಎರಡು ಅಂಚು ಎಷ್ಟು ಗಟ್ಟಿಯಾಗಿ ಹಿಡ್ಕೊಂಡಿವೆ ಅನ್ನೋದರ ಮೇಲೆ ನಿಂತಿದೆ.

ಎಳೆಯೋಕೆ ಬೇಕಾದ ಬಲವನ್ನ ಪೌಂಡ್‌ನಲ್ಲಿ ಹೇಳ್ತಾರೆ. ಒಂದು ಪೌಂಡ್ ಅಂದ್ರೆ 454 ಗ್ರಾಂ. ಹಳೇ ಮಿಲಿಟರಿ ರೈಫಲ್‌ಗಳ ಟ್ರಿಗರ್ ಐದಾರು ಪೌಂಡ್, ಅಂದ್ರೆ ಎರಡೂವರೆ ಕಿಲೋ ಹತ್ತಿರ. ಬಂದೂಕಿನ ತೂಕವೇ ಮೂರು ಕಿಲೋ ಚಿಲ್ಲರೆ. ಮೂರು ಕಿಲೋ ವಸ್ತುವನ್ನ ಎರಡೂವರೆ ಕಿಲೋ ಬಲದಿಂದ ಒಂದು ಬೆರಳಲ್ಲಿ ಎಳೆದರೆ ಅದು ಅಲುಗದೇ ಇರತ್ತಾ? ತಮ್ಮನ ಮಾತಿನಲ್ಲಿ ಸತ್ಯ ಇತ್ತು. ಅದಕ್ಕೇ ಬೇಟೆಗೆ ಅವಕಾಶ ಇರೋ ದೇಶಗಳಲ್ಲಿ ಬೇಟೆಯ ರೈಫಲ್‌ಗೆ ಎರಡೂವರೆಯಿಂದ ನಾಲ್ಕು ಪೌಂಡ್ ಒಳಗೆ ಟ್ರಿಗರ್ ಇಡ್ತಾರೆ.

ಆದರೆ ಹಗುರ ಅನ್ನೋದು ಒಂದೇ ಗುಣ ಅಲ್ಲ. ಇನ್ನೂ ಮೂರಿವೆ. ಒಂದು, ಪ್ರತಿ ಸಲವೂ ಅದೇ ತೂಕಕ್ಕೆ ಬಿಡಬೇಕು. ಒಮ್ಮೆ ಮೂರು ಪೌಂಡ್, ಇನ್ನೊಮ್ಮೆ ಐದು ಅಂತಾದರೆ ಬೆರಳಿಗೆ ಅಂದಾಜೇ ಸಿಗೋದಿಲ್ಲ. ಎರಡು, ಎಳೆಯುವಾಗ ಮರಳಿನ ಮೇಲೆ ಚಪ್ಪಲಿ ಎಳೆದ ಹಾಗೆ ಗರಗರ ಅನ್ನಬಾರದು. ಮೂರು, ಬಿಟ್ಟ ಮೇಲೆ ಟ್ರಿಗರ್ ಹಿಂದಕ್ಕೆ ಬಹಳ ದೂರ ಓಡಬಾರದು, ಓಡಿದರೆ ಗುಂಡು ನಳಿಗೆ ಬಿಡೋಕಿಂತ ಮುಂಚೆ ಕೈ ಅಲುಗತ್ತೆ. ನಾಲ್ಕು ಪೌಂಡ್‌ನ ಸ್ವಚ್ಛ ಟ್ರಿಗರ್, ಎರಡು ಪೌಂಡ್‌ನ ಗರಗರ ಟ್ರಿಗರ್‌ಗಿಂತ ಎಷ್ಟೋ ಮೇಲು.

ಇನ್ನೊಂದು ಭೇದ. ಒಂದೇ ಹಂತದ ಟ್ರಿಗರ್ ಅಂದ್ರೆ ಬೆರಳಿಟ್ಟ ಜಾಗದಿಂದಲೇ ಗೋಡೆ, ಒತ್ತಿದರೆ ಮುರಿದ ಹಾಗೆ ಬಿಡತ್ತೆ. ಎರಡು ಹಂತದ್ದು ಅಂದ್ರೆ ಮೊದಲು ಸ್ವಲ್ಪ ಸಲೀಸಾಗಿ ಬರತ್ತೆ, ಆಮೇಲೆ ಗೋಡೆ ಸಿಗತ್ತೆ, ಅದನ್ನ ಒತ್ತಿದರೆ ಬಿಡತ್ತೆ. ಲೀ-ಎನ್‌ಫೀಲ್ಡ್, ಮೌಸರ್‌ನಂಥ ಹಳೇ ಸೇನಾ ರೈಫಲ್‌ಗಳದ್ದು ಎರಡು ಹಂತ. ಕಾಕಾ ಸೈನ್ಯದಲ್ಲಿದ್ದವನು. ನಾನು ಇದನ್ನ ಓದಿ ಹೇಳಿದಾಗ ನಕ್ಕ. "ಇದನ್ನ ನಮಗ ಭರ್ತಿ ಆದ ಮೊದಲನೇ ತಿಂಗಳದಾಗ ಹೇಳಿದ್ರು ತಮ್ಮಾ. ಮೊದಲನೇ ಒತ್ತು ಅಂದ್ರ ಕೇಳೂದು: ಹೊಡೀಲೇನು? ಎರಡನೇ ಒತ್ತು ಅಂದ್ರ ಹೇಳೂದು: ಹೂಂ, ಹೊಡಿ. ನಡುವ ಉಸಿರು ಹಿಡದು ಯೋಚನೆ ಮಾಡಾಕ ಜಾಗಾ ಐತಿ."

ನನಗೆ ಆ ಮಾತು ಬಹಳ ಹಿಡಿಸಿತು. ರಾತ್ರಿ ಗದ್ದೆಯಲ್ಲಿ, ಚಳಿಗೆ ಮರಗಟ್ಟಿದ ಬೆರಳಿಗೆ, ಎದೆ ಹೊಡ್ಕೊಳ್ತಿರೋ ಹುಡುಗನಿಗೆ, ಆ ನಡುವಿನ ಜಾಗ ಬೇಕೇ ಬೇಕು.

ಯಾಕೆ ಅಂತ ಹೇಳ್ತೀನಿ. ರೆಮಿಂಗ್ಟನ್ 700 ಅನ್ನೋದು ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಬೋಲ್ಟ್ ಆ್ಯಕ್ಷನ್ ಬೇಟೆ ರೈಫಲ್‌ಗಳಲ್ಲಿ ಒಂದು, 1962ರಲ್ಲಿ ಬಂದದ್ದು. ಅದರ ಟ್ರಿಗರ್ ಗರಿಗರಿಯಾಗಿ ಬಿಡತ್ತೆ ಅಂತ ಜನ ಹೊಗಳ್ತಿದ್ದರು. ಆದರೆ ಯಾರೂ ಟ್ರಿಗರ್ ಎಳೆಯದೇ ಬಂದೂಕು ಹೊಡೀತು ಅನ್ನೋ ದೂರುಗಳೂ ವರ್ಷಗಟ್ಟಲೆ ಬಂದವು. 2000ನೇ ಇಸವಿ ಅಕ್ಟೋಬರ್‌ನಲ್ಲಿ ಮಾಂಟಾನಾದಲ್ಲಿ ಬೇಟೆ ಮುಗಿಸಿ ಬಂದ ಒಂದು ಕುಟುಂಬದಲ್ಲಿ, ತಾಯಿ ಗುಂಡು ಹೊರಗೆ ತೆಗೆಯಲಿಕ್ಕೆ ಅಂತ ಸೇಫ್ಟಿ ಸರಿಸಿದಾಗ ಬಂದೂಕು ಹಾರಿ ಒಂಬತ್ತು ವರ್ಷದ ಮಗ ತೀರಿಕೊಂಡ. ಕಂಪನಿ ದೋಷ ಒಪ್ಪಲಿಲ್ಲ. ಆದರೂ ಕೋರ್ಟಿನ ರಾಜಿಯಲ್ಲಿ ಸುಮಾರು 75 ಲಕ್ಷ ಬಂದೂಕುಗಳ ಮಾಲೀಕರಿಗೆ ಪರಿಹಾರದ ವ್ಯವಸ್ಥೆ ಮಾಡಬೇಕಾಯ್ತು, ಬಹುಪಾಲು ಜನರಿಗೆ ಟ್ರಿಗರ್ ಬದಲಾಯಿಸಿ ಕೊಡೋದು. ಅದಕ್ಕೂ ಮೊದಲು 2014ರಲ್ಲಿ ಅದೇ ಕಂಪನಿ ತನ್ನ ಹೊಸ ಮಾದರಿಯ ಟ್ರಿಗರ್‌ಗಳನ್ನೂ ವಾಪಸ್ ಕರೆಸಿತ್ತು.

ಹೊರಗಿನ ಟ್ರಿಗರ್ ಹಾಕಿಸೋ ವ್ಯಾಪಾರ ಅಮೆರಿಕದಲ್ಲಿ ಇಷ್ಟು ಬೆಳೆಯಲಿಕ್ಕೆ ಈ ಭಯವೂ ಒಂದು ಕಾರಣ. ಎಷ್ಟೋ ಜನ ಹಗುರಕ್ಕಾಗಿ ಅಲ್ಲ, ಭದ್ರತೆಗಾಗಿ ಬದಲಾಯಿಸಿದರು. ನಮ್ಮ ತಮ್ಮನಂಥವರು ವಿಡಿಯೋದಲ್ಲಿ ನೋಡೋದು ಹತ್ತು ನಿಮಿಷದ ಕೆಲಸ. ಅದರ ಹಿಂದಿನ ಈ ಕಥೆ ವಿಡಿಯೋದಲ್ಲಿ ಇರೋದಿಲ್ಲ.

ಇಂಥದ್ದೊಂದು ಕಥೆ ನಮ್ಮ ಮನೆಯಲ್ಲೇ ಇತ್ತು ಅಂತ ನನಗೆ ಗೊತ್ತಿರಲಿಲ್ಲ.

ದೀಪಾವಳಿ ಮುಗಿಸಿ ಗುಂಜಿಗೆ ಹೋದಾಗ ಟ್ರಿಗರ್ ಮಾತು ಎತ್ತಿದೆ. ಕಾಕಾ ಏನೂ ಅನ್ನಲಿಲ್ಲ. ಎದ್ದು ನಡುಮನೆಯ ಬಾಗಿಲಿನ ಹತ್ತಿರ ಕರ್ಕೊಂಡು ಹೋದ. ಚೌಕಟ್ಟಿನ ಮೇಲ್ಭಾಗದಲ್ಲಿ ಒಂದು ತೂತು. ಚಿಕ್ಕಂದಿನಿಂದ ನೋಡಿದ್ದೀನಿ, ತೋರಣ ಕಟ್ಟೋ ಮೊಳೆಯದ್ದು ಅಂದ್ಕೊಂಡಿದ್ದೆ. "ಬೆರಳು ಹಾಕು" ಅಂದ. ಕಿರುಬೆರಳ ತುದಿ ಸರಿಯಾಗಿ ಹೋಯ್ತು.

ಅಜ್ಜನ ಕಾಲದ ಮಾತು. ಅಜ್ಜನಿಗೂ ಟ್ರಿಗರ್ ಬಿರುಸು ಅನಿಸಿತ್ತಂತೆ. ಯಾರೋ ಒಬ್ಬ ಮಿಸ್ತ್ರಿ, ಊರು ಹೆಸರು ಬೇಡ, ಒಳಗಿನ ಅಂಚನ್ನ ಅರದಿಂದ ಉಜ್ಜಿ ಕೊಟ್ಟ. ಬೆಣ್ಣೆಯಂಥ ಟ್ರಿಗರ್ ಆಯ್ತು. ಅಜ್ಜ ವಾರಗಟ್ಟಲೆ ಎಲ್ಲರಿಗೂ ತೋರಿಸಿ ಹೊಗಳಿದ. ಒಂದು ರಾತ್ರಿ ಗದ್ದೆಯಿಂದ ಬಂದು, ಒಳಗೆ ಗುಂಡು ಇರೋ ಬಂದೂಕನ್ನ ಜಗಲಿ ಕಟ್ಟೆಗೆ ನಿಲ್ಲಿಸಲಿಕ್ಕೆ ಹೋದ. ಬಟ್ ಕಲ್ಲಿಗೆ ಟಕ್ ಅಂತ ತಾಗಿತು. ಬೆರಳು ಟ್ರಿಗರ್ ಹತ್ತಿರವೂ ಇರಲಿಲ್ಲ. ಗುಂಡು ಹಾರಿತು. ಬಾಗಿಲಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದವಳು ನಮ್ಮ ಆಯಿ, ಅಜ್ಜಿ. ತಲೆಯಿಂದ ಒಂದು ಗೇಣು ಮೇಲೆ ಆ ತೂತು.

"ಆಮ್ಯಾಲ ಅಪ್ಪ ಒಂದು ವರ್ಷ ಬಂದೂಕ ಮುಟ್ಟಲಿಲ್ಲ" ಅಂದ ಕಾಕಾ. "ಬೆಳಗಾವಿಗೆ ಒಯ್ದು, ಲೈಸೆನ್ಸ್ ಇರೋ ಅಂಗಡಿಯಾಗ ಆ ಭಾಗಾನೇ ಬದಲಿ ಮಾಡಿಸಿದ. ಚೌಕಟ್ಟು ಮಾತ್ರ ಬದಲಿ ಮಾಡಸಲಿಲ್ಲ. ನೋಡ್ಕೋತ ಇರಲಿ ಅಂದ."

ಅಲ್ಲಿ ಏನಾಗಿತ್ತು ಅಂತ ಈಗ ನಿಮಗೆ ಗೊತ್ತು. ಆ ಎರಡು ಉಕ್ಕಿನ ಅಂಚು, ಹತ್ತಿ ಕೂತಿರೋ ಕೂದಲೆಳೆ ಜಾಗ, ಅದನ್ನೇ ಅರ ತಿಂದುಬಿಟ್ಟಿತ್ತು. ಅರದಿಂದ ಉಜ್ಜಿದರೆ ಇನ್ನೊಂದು ಅಪಾಯ ಇದೆ. ಉಕ್ಕಿನ ಮೇಲ್ಪದರ ಮಾತ್ರ ಗಟ್ಟಿ ಮಾಡಿರ್ತಾರೆ, ಅದು ಹೋದರೆ ಒಳಗಿನದು ಮೆತ್ತಗೆ, ಬೇಗ ಸವೆಯತ್ತೆ. ಇವತ್ತು ಚೆನ್ನಾಗಿರೋ ಟ್ರಿಗರ್ ಆರು ತಿಂಗಳಿಗೆ ತಾನೇ ಬಿಡೋ ಟ್ರಿಗರ್ ಆಗತ್ತೆ.

ಈಗ ಎರಡನೇ ಪ್ರಶ್ನೆ, ಹಾಕಿಸಬಹುದಾ? ಇಲ್ಲಿ ಸ್ವಲ್ಪ ಗಮನ ಕೊಟ್ಟು ಕೇಳಿ, ಯಾಕಂದ್ರೆ ಮೆಸೇಜ್ ಮಾಡಿದ ಒಬ್ಬರು "ಆನ್‌ಲೈನ್ ಆರ್ಡರ್ ಮಾಡಿದ್ರೆ ಸ್ಪೇರ್ ಪಾರ್ಟ್ ಅಂತ ಬಂದುಬಿಡತ್ತೆ" ಅಂತ ಬರೆದಿದ್ದರು. ಇಲ್ಲ. 1959ರ ಆರ್ಮ್ಸ್ ಆ್ಯಕ್ಟ್‌ನ ವ್ಯಾಖ್ಯೆಯಲ್ಲೇ ಆಯುಧದ ಬಿಡಿಭಾಗವೂ ಆಯುಧ. ಬೈಕಿಗೆ ಸೈಲೆನ್ಸರ್ ತರಿಸಿದ ಹಾಗಲ್ಲ ಇದು. ಹೊರದೇಶದಿಂದ ತರಿಸಲಿಕ್ಕೆ ಆಮದಿನ ಲೈಸೆನ್ಸ್ ಬೇಕು. ಲೈಸೆನ್ಸ್ ಇಲ್ಲದವನು ಬಂದೂಕು ತಯಾರಿಸೋದು, ಮಾರ್ಪಾಡು ಮಾಡೋದು, ರಿಪೇರಿ ವ್ಯವಹಾರ ನಡೆಸೋದು ಅಪರಾಧ. 2019ರ ತಿದ್ದುಪಡಿ ಆದ ಮೇಲೆ ಅದಕ್ಕೆ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ. ಊರಿನ ಮಿಸ್ತ್ರಿಗೆ ಐನೂರು ರೂಪಾಯಿ ಕೊಟ್ಟು ಉಜ್ಜಿಸಿದೆ ಅನ್ನೋದು ಈಗ ಐನೂರು ರೂಪಾಯಿ ಮಾತಲ್ಲ.

ಇನ್ನೊಂದು ವಿಷಯ, ಆ ರೆಡಿಮೇಡ್ ಟ್ರಿಗರ್‌ಗಳು ಆಯಾ ಬಂದೂಕಿಗೆ ಅಂತಲೇ ಮಾಡಿದವು. ರೆಮಿಂಗ್ಟನ್ 700ಕ್ಕೆ ಮಾಡಿದ್ದು ಲೀ-ಎನ್‌ಫೀಲ್ಡ್ ವಂಶದ ನಮ್ಮ ಬಂದೂಕಿಗೆ ಕೂಡೋದೇ ಇಲ್ಲ. ಒಳಗಿನ ಕಟ್ಟಡವೇ ಬೇರೆ.

ಇದಕ್ಕೂ ದೊಡ್ಡ ಮಾತು ಒಂದಿದೆ. ತಮ್ಮ ಕಳಿಸಿದ ವಿಡಿಯೋದ ಹೆಸರಿನಲ್ಲೇ "ಬೇಟೆ ರೈಫಲ್" ಅಂತ ಇತ್ತು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈಗ ಶಿಕಾರಿ ಅನ್ನೋದು ಇಲ್ಲ. ಕಾಡುಹಂದಿಯೂ ಆ ಕಾಯ್ದೆಯ ಪಟ್ಟಿಯಲ್ಲಿರೋ ಪ್ರಾಣಿ. ಬೆಳೆ ಹಾಳು ಮಾಡೋ ಪ್ರಾಣಿಯನ್ನ ಕೊಲ್ಲಲಿಕ್ಕೆ ಕಾಯ್ದೆಯ 11ನೇ ಕಲಮಿನಲ್ಲಿ ದಾರಿ ಇದೆ, ಆದರೆ ಅದಕ್ಕೆ ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರು ಅಧಿಕಾರ ಕೊಟ್ಟವರ ಲಿಖಿತ ಅನುಮತಿ ಬೇಕು. ಕೇರಳದಲ್ಲಿ 2022ರಿಂದ ಆ ಅನುಮತಿ ಕೊಡೋ ಅಧಿಕಾರವನ್ನ ಗ್ರಾಮ ಪಂಚಾಯಿತಿ ಮಟ್ಟಕ್ಕೆ ತಂದರು. "ಅಲ್ಲಿ ಬಿಟ್ಟಿದ್ದಾರಲ್ಲ" ಅಂತ ಇಲ್ಲಿ ಹೊಡೆದರೆ ನಡೆಯೋದಿಲ್ಲ.

ನಾನು ಕಾಕಾನ ಲೈಸೆನ್ಸ್ ಪುಸ್ತಕ ತೆಗೆದು ನೋಡಿದೆ. ಕಾರಣ ಅಂತ ಇರೋ ಕಡೆ ಆತ್ಮರಕ್ಷಣೆ ಅಂತ ಇದೆ. ಬೇಟೆ ಅಂತ ಇಲ್ಲ. ಬೆಳೆ ರಕ್ಷಣೆ ಅಂತಲೂ ಇಲ್ಲ. ನಿಜ ಹೇಳಬೇಕಂದ್ರೆ ಕಾಯ್ದೆಯಲ್ಲಿ ಬೆಳೆ ರಕ್ಷಣೆಗೆ ಅಂತ ಹೇಳಿರೋದೇ ಬಾಯಿಂದ ಮದ್ದು ತುಂಬೋ ಹಳೇ ಥರದ ಬಂದೂಕು, ರೈಫಲ್ ಅಲ್ಲ. ತಮ್ಮನಿಗೆ ಇದನ್ನ ತೋರಿಸಿದಾಗ ಅವನ ಮುಖ ಸಪ್ಪಗಾಯ್ತು. "ಹಂಗಾರ ಇದು ಯಾತಕ್ಕ ಐತಿ ಅಣ್ಣಾ?" ಅಂದ.

ಒಳ್ಳೇ ಪ್ರಶ್ನೆ. ಕೊಡಗಿನಲ್ಲಿ ಅದಕ್ಕೆ ಬೇರೆ ಉತ್ತರ ಇದೆ. ಅಲ್ಲಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬಂದೂಕಿನ ಲೈಸೆನ್ಸ್‌ನಿಂದ ವಿನಾಯಿತಿ ಇದೆ, 2019ರಲ್ಲಿ ಅದನ್ನ 2029ರವರೆಗೆ ಮುಂದುವರಿಸಿದ್ದಾರೆ. ಸೆಪ್ಟೆಂಬರ್‌ನ ಕೈಲ್ ಪೊಳ್ದ್ ಹಬ್ಬದಲ್ಲಿ ಬಂದೂಕಿಗೆ ತೋಕ್ ಪೂ ಮುಡಿಸಿ ಪೂಜೆ ಮಾಡ್ತಾರೆ, ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿ ಇಡೋ ಸ್ಪರ್ಧೆ ಮಾಡ್ತಾರೆ. ಅಂಥ ಕಡೆ ಒಳ್ಳೇ ಟ್ರಿಗರ್‌ಗೆ ಅರ್ಥ ಇದೆ, ಯಾಕಂದ್ರೆ ಹಗಲು, ಎದುರಿಗೆ ಕಾಯಿ, ಹಿಂದೆ ಯಾರೂ ಇಲ್ಲ, ಪಕ್ಕದಲ್ಲಿ ನೋಡೋ ಹಿರಿಯರು ಇದ್ದಾರೆ. ಒಲಿಂಪಿಕ್ ಶೂಟಿಂಗ್‌ನಲ್ಲೂ ನೋಡಿ, ಹತ್ತು ಮೀಟರ್ ಏರ್ ರೈಫಲ್‌ಗೆ ಟ್ರಿಗರ್ ತೂಕದ ಮಿತಿಯೇ ಇಲ್ಲ, ಎಷ್ಟು ಹಗುರ ಬೇಕಾದರೂ ಇಡಬಹುದು. ಅದೇ ಏರ್ ಪಿಸ್ತೂಲಿಗೆ ಕನಿಷ್ಠ 500 ಗ್ರಾಂ, ಇಪ್ಪತ್ತೈದು ಮೀಟರ್ ಪಿಸ್ತೂಲಿಗೆ ಕನಿಷ್ಠ 1000 ಗ್ರಾಂ ಇರಲೇಬೇಕು ಅಂತ ನಿಯಮ. ಅಂದ್ರೆ ವಿಶ್ವದ ಅತಿ ಒಳ್ಳೇ ಗುರಿಕಾರರಿಗೂ, ಅತಿ ಭದ್ರವಾದ ಜಾಗದಲ್ಲೂ, ಕೆಲವು ಬಂದೂಕಿಗೆ "ಇದಕ್ಕಿಂತ ಹಗುರ ಬೇಡ" ಅಂತ ಗೆರೆ ಎಳೆದಿದ್ದಾರೆ.

ರಾತ್ರಿ ಗದ್ದೆಗೆ ಆ ಯಾವ ಭದ್ರತೆಯೂ ಇಲ್ಲ. ನಮ್ಮ ಗದ್ದೆಯ ಆಚೆ ಇನ್ನೊಬ್ಬರ ಗದ್ದೆ, ಅಲ್ಲೂ ಅಟ್ಟ ಹಾಕಿ ಹುಡುಗರು ಕಾಯ್ತಿರ್ತಾರೆ. ಅದರಾಚೆ ರೈಲು ಹಳಿ, ರಸ್ತೆ. ತಪ್ಪಿದ ರೈಫಲ್ ಗುಂಡು ಗದ್ದೆಯ ಬದುವಿನಲ್ಲಿ ನಿಲ್ಲೋದಿಲ್ಲ, ಒಂದು ಕಿಲೋಮೀಟರ್ ದಾಟಿಯೂ ಹೋಗತ್ತೆ. ಹಂದಿ ಅಂತ ತಿಳಿದು ಮನುಷ್ಯನಿಗೆ ಹೊಡೆದ ಸುದ್ದಿ ಮಲೆನಾಡಿನ ಕಡೆಯಿಂದ ಬರೋದನ್ನ ನೀವೂ ಓದಿರ್ತೀರಿ. ಅಲ್ಲಿ ತಪ್ಪಿದ್ದು ಗುರಿ ಅಲ್ಲ, ಗುರಿ ಸರಿಯಾಗೇ ಇತ್ತು. ನೋಡೋಕಿಂತ ಮುಂಚೆ ಬೆರಳು ಓಡಿತು.

ಸರಿ, ಮೂರನೇ ಪ್ರಶ್ನೆ. ತೊಂದರೆ ಟ್ರಿಗರ್‌ದ್ದೇನಾ? ಇಲ್ಲಿ ಒಂದು ತಮಾಷೆ ಆಯ್ತು.

ನಾವು ಅಳತೆ ಮಾಡೋಣ ಅಂತ ನಿರ್ಧಾರ ಮಾಡಿದೆವು. ವಿಮಾನಕ್ಕೆ ಹೋಗುವಾಗ ಬ್ಯಾಗ್ ತೂಕ ಮಾಡೋ ಸಣ್ಣ ಡಿಜಿಟಲ್ ತಕ್ಕಡಿ ನನ್ನ ಹತ್ತಿರ ಇತ್ತು. ಕಾಕಾ ಬೋಲ್ಟ್ ತೆಗೆದು, ಮ್ಯಾಗಜೀನ್ ತೆಗೆದು, ನಳಿಗೆಯಲ್ಲಿ ಬೆಳಕು ಹಾಯಿಸಿ ನೋಡಿ, ಖಾಲಿ ಅಂತ ನನಗೂ ತೋರಿಸಿ, ತಮ್ಮನಿಗೂ ತೋರಿಸಿದ. ಗುಂಡುಗಳು ಬೇರೆ ಕೋಣೆಯಲ್ಲಿ, ಬೀಗದೊಳಗೆ. ಆಮೇಲೆ ಬೋಲ್ಟ್ ಹಾಕಿ, ತಕ್ಕಡಿಯ ಕೊಕ್ಕೆ ಟ್ರಿಗರ್‌ಗೆ ಸಿಕ್ಕಿಸಿ, ಐದು ಸಲ ಎಳೆದ. ಮೊದಲ ಸಲ 3.9 ಕಿಲೋ. ಆಮೇಲೆ 3.1. ಆಮೇಲೆ 3.6. ಹಾಗೆ ಮೇಲೆ ಕೆಳಗೆ. ಐದೂ ಸಲ ಬೇರೆ ಬೇರೆ. ಸೇನಾ ಟ್ರಿಗರ್‌ಗೂ ಇದು ಹೆಚ್ಚಾಯ್ತು.

ಕಾಕಾ ಟ್ರಿಗರ್‌ನ ಸಂದಿಯಲ್ಲಿ ಬೆರಳು ಸವರಿ ಮೂಸಿ ನೋಡಿದ. ತಮ್ಮನ ಕಡೆ ತಿರುಗಿದ. "ಏನ್ ಹಚ್ಚೀಯೋ ಇದಕ್ಕ?"

ಕೊಬ್ಬರಿ ಎಣ್ಣೆ.

ಮಳೆಗಾಲದಲ್ಲಿ ತುಕ್ಕು ಹಿಡಿಯಬಾರದು ಅಂತ ತಮ್ಮ ಪ್ರೀತಿಯಿಂದ ಸುರಿದಿದ್ದ. ಖಾನಾಪುರದ ಮಳೆ ನೋಡಿದವರಿಗೆ ಆ ಭಯ ಅರ್ಥ ಆಗತ್ತೆ. ಆದರೆ ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟತ್ತೆ. ನವೆಂಬರ್ ರಾತ್ರಿ ಗುಂಜಿಯಲ್ಲಿ ಬಾಟಲಿಯ ಎಣ್ಣೆ ಗಟ್ಟಿಯಾಗಿರತ್ತೆ, ಬಂದೂಕಿನ ಒಳಗಿನದೂ ಅಷ್ಟೇ. ಅದರ ಮೇಲೆ ಧೂಳು, ಹೊಟ್ಟು ಕೂತು ಮೇಣದ ಥರ ಆಗಿತ್ತು. ಟ್ರಿಗರ್ ಬಿರುಸಾಗಿದ್ದಕ್ಕೆ ಅದೇ ಕಾರಣ. ಅದರಲ್ಲಿ ಇನ್ನೊಂದು ಅಪಾಯವೂ ಇತ್ತು. ಸಿಯರ್ ತನ್ನ ಜಾಗಕ್ಕೆ ಪೂರ್ತಿ ವಾಪಸ್ ಬರದೇ ಅರ್ಧಕ್ಕೆ ನಿಂತರೆ, ಅಜ್ಜನ ಕಾಲದ ಆ ರಾತ್ರಿ ಮತ್ತೆ ಬರ್ತಿತ್ತು. ಚೌಕಟ್ಟಿಗೆ ಎರಡನೇ ತೂತು.

ಬೆಳಗಾವಿಯಲ್ಲಿ ಲೈಸೆನ್ಸ್ ಇರೋ ಒಂದು ಬಂದೂಕಿನ ಅಂಗಡಿಗೆ ಕಾಕಾ ತಾನೇ ತಗೊಂಡು ಹೋದ, ಲೈಸೆನ್ಸ್ ಪುಸ್ತಕ ಜೊತೆಗೆ. ಬಿಚ್ಚಿ, ತೊಳೆದು, ತೆಳು ಗನ್ ಆಯಿಲ್ ಎರಡು ಹನಿ ಹಾಕಿದರು. ಒಳಗಿನ ಅಂಚು ಸವೆದಿಲ್ಲ ಅಂತ ಪರೀಕ್ಷೆ ಮಾಡಿದರು. ಅವರೇ ಇನ್ನೊಂದು ಮಾತು ಹೇಳಿದರು. ಹಳೇ ಲೀ-ಎನ್‌ಫೀಲ್ಡ್ ಮಾದರಿಯಲ್ಲಿ ಟ್ರಿಗರ್ ಕೂತಿರೋದು ಕೆಳಗಿನ ಟ್ರಿಗರ್ ಗಾರ್ಡ್‌ಗೆ, ಸಿಯರ್ ಇರೋದು ಮೇಲಿನ ಉಕ್ಕಿನ ಭಾಗದಲ್ಲಿ, ನಡುವೆ ಕಟ್ಟಿಗೆ. ಮಳೆಗಾಲದಲ್ಲಿ ಕಟ್ಟಿಗೆ ತೇವ ಕುಡಿದು ಉಬ್ಬಿದರೆ ಎರಡರ ನಡುವಿನ ಅಂತರ ಬದಲಾಗತ್ತೆ, ಟ್ರಿಗರ್ ಎಳೆತವೂ ಬದಲಾಗತ್ತೆ. ಅದಕ್ಕೇ ಬ್ರಿಟಿಷರು ನಂತರದ ಮಾದರಿಯಲ್ಲಿ ಟ್ರಿಗರ್ ಅನ್ನೂ ಮೇಲಿನ ಉಕ್ಕಿಗೇ ಜೋಡಿಸಿದರು. ಆಷಾಢದಲ್ಲಿ ಒಂದು ಥರ, ಬೇಸಿಗೆಯಲ್ಲಿ ಇನ್ನೊಂದು ಥರ ಅಂತ ಕಾಕಾ ಹೇಳ್ತಿದ್ದದ್ದು ವಯಸ್ಸಾದವರ ಭ್ರಮೆ ಅಲ್ಲ. ಕಟ್ಟಿಗೆಗೆ ಅಗಸೆ ಎಣ್ಣೆ ತಿಕ್ಕಿ, ಒಣ ಜಾಗದಲ್ಲಿ ಇಡಬೇಕು.

ಮನೆಗೆ ಬಂದು ಮತ್ತೆ ತಕ್ಕಡಿ. ಐದು ಸಲವೂ 2.5ರ ಆಚೀಚೆ. ಒಂದೇ ಸಮ. ಖರ್ಚು ಒಂದು ಎಸ್‌ಐಪಿ ಕಂತಿಗಿಂತ ಕಮ್ಮಿ. ತಮ್ಮ ಎಳೆದು ನೋಡಿ ಸುಮ್ಮನೆ ನಿಂತ. ಆಮೇಲೆ, "ಇದು ನಮ್ದಾ ಬಂದೂಕೇನು?" ಅಂದ.

ಲೆಕ್ಕದವನು ನಾನು, ಒಂದು ಲೆಕ್ಕ ಹೇಳಿ ಮುಗಿಸ್ತೀನಿ. ಬಿರುಸು ಟ್ರಿಗರ್‌ನಿಂದ ಕೈ ಅಲುಗಿ ನೂರು ಮೀಟರ್‌ಗೆ ಗುಂಡು ಆರು ಸೆಂಟಿಮೀಟರ್ ಪಕ್ಕಕ್ಕೆ ಹೋಯ್ತು ಅಂದ್ಕೊಳ್ಳಿ. ಅದೇ ತಪ್ಪು ಮೂವತ್ತು ಮೀಟರ್‌ಗೆ ಎರಡು ಸೆಂಟಿಮೀಟರ್ ಕೂಡ ಇಲ್ಲ. ಆ ಎರಡು ಸೆಂಟಿಮೀಟರ್ ಉಳಿಸಲಿಕ್ಕೆ ನೀವು ಒಂದು ವಿದೇಶಿ ಭಾಗ, ಒಂದು ಕೇಸು, ಮನೆಯವರ ತಲೆ, ಇಷ್ಟನ್ನ ಪಣಕ್ಕೆ ಇಡ್ತೀರಿ. ಯಾವ ಬ್ಯಾಲೆನ್ಸ್ ಶೀಟ್‌ನಲ್ಲೂ ಇದು ಕೂಡೋದಿಲ್ಲ. ಅದೇ ಶ್ರಮವನ್ನ ಅಭ್ಯಾಸಕ್ಕೆ ಹಾಕಿ. ಲೈಸೆನ್ಸ್‌ದಾರರ ಎದುರಿನಲ್ಲಿ, ಖಾಲಿ ಬಂದೂಕು, ಒಳಗೆ ಸ್ನ್ಯಾಪ್ ಕ್ಯಾಪ್ ಅನ್ನೋ ನಕಲಿ ತೋಟಾ ಹಾಕಿ, ನಳಿಗೆಯ ತುದಿಯಲ್ಲಿ ಒಂದು ನಾಣ್ಯ ಇಟ್ಟು, ಅದು ಬೀಳದ ಹಾಗೆ ಟ್ರಿಗರ್ ಎಳೆಯೋದು. ಕಾಕಾ ಈಗ ತಮ್ಮನಿಗೆ ಇದನ್ನೇ ಮಾಡಿಸ್ತಿದ್ದಾನೆ. ಮೊದಲ ವಾರ ನಾಣ್ಯ ಪ್ರತಿ ಸಲ ಬಿತ್ತು. ಈಗ ಹತ್ತರಲ್ಲಿ ಎಂಟು ಸಲ ನಿಲ್ಲತ್ತೆ.

ಹಾಗಂತ ಹೊಸ ಟ್ರಿಗರ್ ಯಾರಿಗೂ ಬೇಡ ಅಂತ ನಾನು ಹೇಳ್ತಿಲ್ಲ. ನೀವು ರೈಫಲ್ ಕ್ಲಬ್‌ನಲ್ಲಿ ಸ್ಪರ್ಧೆಗೆ ತಯಾರಾಗ್ತಿರೋರು, ಕಾನೂನಿನ ಪ್ರಕಾರ ತರಿಸೋ ದಾರಿ ನಿಮಗಿದೆ ಅಂತಾದರೆ, ಇಷ್ಟು ನೋಡಿ. ನಿಮ್ಮ ಬಂದೂಕಿನ ಮಾದರಿಗೇ ಮಾಡಿದ್ದಾ? ಐದು ಸಲ ಎಳೆದರೆ ಐದೂ ಸಲ ಒಂದೇ ತೂಕಕ್ಕೆ ಬಿಡತ್ತಾ? ಖಾಲಿ ಬಂದೂಕಿನಲ್ಲಿ ಬೋಲ್ಟ್ ಜೋರಾಗಿ ಮುಚ್ಚಿದರೆ, ಬಟ್ ರಬ್ಬರ್ ಮೇಲೆ ಕುಟ್ಟಿದರೆ, ಪಿನ್ ಬೀಳದೇ ನಿಲ್ಲತ್ತಾ? ಸೇಫ್ಟಿ ಹಾಕಿ, ಟ್ರಿಗರ್ ಎಳೆದು ಬಿಟ್ಟು, ಆಮೇಲೆ ಸೇಫ್ಟಿ ತೆಗೆದರೆ ಸುಮ್ಮನಿರತ್ತಾ? ಜೋಡಿಸಿದವನಿಗೆ ಲೈಸೆನ್ಸ್ ಇದೆಯಾ? ಇದರಲ್ಲಿ ಒಂದಕ್ಕೆ "ಇಲ್ಲ" ಅಂತ ಬಂದರೂ, ಎಷ್ಟೇ ಬೆಣ್ಣೆಯಂತಿರಲಿ, ಆ ಟ್ರಿಗರ್ ಬೇಡ.

ಹಂದಿಗಳ ಕಥೆ ಏನಾಯ್ತು ಅಂತ ಕೇಳ್ತೀರಿ. ಹಂದಿಗಳು ಇನ್ನೂ ಬರ್ತವೆ. ಈ ಸಲದ ನಷ್ಟಕ್ಕೆ ಫೋಟೋ ಸಮೇತ ಅರಣ್ಯ ಇಲಾಖೆಯಲ್ಲಿ ಪರಿಹಾರದ ಅರ್ಜಿ ಹಾಕಿದ್ದೀವಿ. ಅಕ್ಕಪಕ್ಕದ ಗದ್ದೆಯವರು ಸೇರಿ ಸೋಲಾರ್ ಬೇಲಿ ಹಾಕೋಣ ಅಂತ ಮಾತು ನಡೆದಿದೆ, ಅದರ ಲೆಕ್ಕಪತ್ರ ನನ್ನ ತಲೆಗೆ ಬಂದಿದೆ. ಒಬ್ಬರ ಗದ್ದೆಗೆ ಮಾತ್ರ ಹಾಕಿದರೆ ಹಂದಿ ಪಕ್ಕದವರ ಗದ್ದೆಗೆ ಹೋಗತ್ತೆ, ಅದು ಪರಿಹಾರ ಅಲ್ಲ, ಜಗಳ.

ಕಾಕಾನಿಗೆ ಎಪ್ಪತ್ತಾದ ಮೇಲೆ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹೋಗತ್ತೆ. ಅದಕ್ಕೆ ಮುಂಚೆ ಕಾಕಾ ಒಂದು ಷರತ್ತು ಹಾಕಿದ್ದಾನೆ. ಹೊಸ ಮನೆ ಕಟ್ಟಿಸಿದರೂ ಪರವಾಗಿಲ್ಲ, ಆ ಚೌಕಟ್ಟು ಮಾತ್ರ ಹೊಸ ಮನೆಯ ನಡುಬಾಗಿಲಿಗೇ ಕೂಡಬೇಕು. ತಮ್ಮ ಒಪ್ಪಿದ್ದಾನೆ.

ಇವತ್ತಿಗೆ ಇಷ್ಟೇ. ನಿಮ್ಮ ಮನೆಯಲ್ಲೂ ಲೈಸೆನ್ಸ್ ಬಂದೂಕು ಇದ್ದರೆ, ಈ ವಾರ ಹಿರಿಯರ ಜೊತೆ ಕೂತು ಅದಕ್ಕೆ ಯಾವ ಎಣ್ಣೆ ಹಚ್ಚಿದ್ದಾರೆ ಅಂತ ಕೇಳಿ. ಮುಂದಿನ ವಾರ ಮತ್ತೆ ದುಡ್ಡಿನ ಮಾತು, ಸೋಲಾರ್ ಬೇಲಿಯ ಖರ್ಚನ್ನ ಐದು ಮನೆಗೆ ಹಂಚೋದು ಹೇಗೆ ಅಂತ.